ಗೋರಿಕಲ್ಲಿನ ಮೇಲಿಲ್ಲದ ಸುಸನ್ನಾ

ಲಂಡನ್ ನಗರದ ಬನ್‌ಹಿಲ್ ಫೀಲ್ಡ್ಸ್ ಎಂಬ ಹಳೆಯ ದಫನಭೂಮಿಯಲ್ಲಿ ಒಬ್ಬ ಮಹಿಳೆಯ ಸಮಾಧಿಯಿದೆ. 19ನೇ ಶತಮಾನದಲ್ಲಿ ಹೊಸದಾಗಿ ನೆಟ್ಟ ಕಲ್ಲಿನ ಮೇಲೆ ಆಕೆ ಯಾವ ಪಾದ್ರಿಯ ವಿಧವೆ, ಯಾವ ಪಾದ್ರಿಯ ಕಿರಿಯ ಮಗಳು, ಎಷ್ಟು ಮಕ್ಕಳ ತಾಯಿ, ಆ ಮಕ್ಕಳ ಪೈಕಿ ಹೆಸರಾದ ಇಬ್ಬರು ಯಾರು ಎಂಬುದನ್ನೆಲ್ಲ ಕೆತ್ತಲಾಗಿದೆ. ಆಕೆ ಏನು ಯೋಚಿಸಿದರು, ಏನು ಬರೆದರು ಎಂಬುದರ ಸುಳಿವು ಮಾತ್ರ ಅಲ್ಲಿಲ್ಲ. ಆಕೆ ಸುಸನ್ನಾ ವೆಸ್ಲಿ. ಮೆಥಡಿಸ್ಟ್ ಪಂಥವನ್ನು ಕಟ್ಟಿದ ಜಾನ್ ವೆಸ್ಲಿ ಮತ್ತು ಸಾವಿರಾರು ಭಕ್ತಿಗೀತೆಗಳನ್ನು ರಚಿಸಿದ ಚಾರ್ಲ್ಸ್ ವೆಸ್ಲಿ ಇವರ ತಾಯಿ.

ಈ ಹೆಸರು ಕನ್ನಡ ನಾಡಿಗೆ ತೀರಾ ಅಪರಿಚಿತವೇನಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಶಾಲೆಗಳನ್ನು ತೆರೆದ, ಮೈಸೂರಿನ ತನ್ನ ಮುದ್ರಣಾಲಯದಿಂದ ‘ವೃತ್ತಾಂತ ಪತ್ರಿಕೆ’ಯನ್ನು ಹೊರತಂದ ವೆಸ್ಲಿಯನ್ ಮಿಷನ್‌ನವರು ಈಕೆಯ ಮಗನ ಅನುಯಾಯಿಗಳೇ. ಆದರೂ ಒಬ್ಬ ಪಾದ್ರಿಯ ಪತ್ನಿಯ ಬಗ್ಗೆ ಈ ಪತ್ರಿಕೆಯಲ್ಲಿ ಯಾಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಉತ್ತರ ಸರಳ. ಸುಸನ್ನಾ ಅವರನ್ನು ಕ್ರೈಸ್ತ ಬರಹಗಾರರು ಮುನ್ನೂರು ವರ್ಷಗಳಿಂದ ಯಾವ ರೀತಿಯಲ್ಲಿ ಹೊಗಳುತ್ತಾ ಬಂದಿದ್ದಾರೋ, ಅದೇ ರೀತಿಯಲ್ಲಿ ನಾವು ನಮ್ಮ ತಾಯಂದಿರನ್ನು ಹೊಗಳುತ್ತೇವೆ. ಇಮಾಮ್ ಶಾಫಿಈಯವರ ತಾಯಿ ವಿಧವೆಯಾಗಿ, ಬಡತನದಲ್ಲಿ, ಪುಟ್ಟ ಮಗನನ್ನು ಗಾಝಾದಿಂದ ಮಕ್ಕಾಕ್ಕೆ ಕರೆದೊಯ್ದು ವಿದ್ವಾಂಸನನ್ನಾಗಿ ಬೆಳೆಸಿದರು ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆ ತಾಯಿಗೆ ಸ್ವಂತ ಮನಸ್ಸಾಕ್ಷಿ, ಸ್ವಂತ ವಿವೇಚನೆ ಇತ್ತೇ ಎಂದು ನಾವು ಕೇಳುವುದಿಲ್ಲ. ಹೊಗಳಿಕೆಯೂ ಒಂದು ಬಗೆಯ ಮರೆಯಾಗಬಲ್ಲುದು.

ಸುಸನ್ನಾ ಬಗ್ಗೆ ಎಲ್ಲೆಡೆ ಪ್ರಚಲಿತವಾಗಿರುವ ಕತೆಯೊಂದಿದೆ. ಮಕ್ಕಳ ಗದ್ದಲದ ನಡುವೆ, ಅಡುಗೆಗೆ ಕಟ್ಟಿಕೊಂಡ ಬಟ್ಟೆಯನ್ನೇ ತಲೆಯ ಮೇಲೆ ಎಳೆದುಕೊಂಡು ಅವರು ಪ್ರಾರ್ಥಿಸುತ್ತಿದ್ದರಂತೆ. ಚೆಂದದ ಚಿತ್ರವೇ. ಆದರೆ ಅವರ ಬರಹಗಳಲ್ಲಿ ನಮಗೆ ಸಿಗುವ ಚಿತ್ರ ಬೇರೆ. ದಿನದಲ್ಲಿ ಗೊತ್ತುಪಡಿಸಿದ ಹೊತ್ತಿನಲ್ಲಿ ಏಕಾಂತಕ್ಕೆ ಹೋಗಿ, ಓದಿ, ಧ್ಯಾನಿಸಿ, ತನ್ನ ಆಲೋಚನೆಗಳನ್ನು ಕಾಗದಕ್ಕಿಳಿಸುತ್ತಿದ್ದ ಮಹಿಳೆಯೊಬ್ಬರು ಅಲ್ಲಿದ್ದಾರೆ. ಅವರು ತತ್ವಜ್ಞಾನಿ ಲಾಕ್‌ನನ್ನು ಓದಿದ್ದರು, ಪ್ಯಾಸ್ಕಲ್‌ನನ್ನು ಓದಿದ್ದರು. ಮುಖ ಮುಚ್ಚಿ ಪ್ರಾರ್ಥಿಸುವ ತಾಯಿ ಜನಪ್ರಿಯಳಾದಳು. ಲೇಖನಿ ಹಿಡಿದ ತಾಯಿಯನ್ನು ಕಾಣಲು 1997ರವರೆಗೆ ಕಾಯಬೇಕಾಯಿತು. ಆ ವರ್ಷ ಅವರ ಪತ್ರ, ದಿನಚರಿ ಮತ್ತು ಪ್ರಬಂಧಗಳೆಲ್ಲ ಚಾರ್ಲ್ಸ್ ವಾಲೇಸ್ ಅವರ ಸಂಪಾದಕತ್ವದಲ್ಲಿ ಒಂದೇ ಸಂಪುಟವಾಗಿ ಪ್ರಕಟವಾದವು.

ಸುಸನ್ನಾ ಹುಟ್ಟಿದ್ದು 1669ರ ಜನವರಿಯಲ್ಲಿ, ಲಂಡನ್‌ನಲ್ಲಿ. ತಂದೆ ಸ್ಯಾಮ್ಯುಯೆಲ್ ಆನ್ಸ್‌ಲಿ, ಸರಕಾರಿ ಚರ್ಚಿನ ನಿಯಮಗಳಿಗೆ ತಲೆಬಾಗದೆ 1662ರಲ್ಲಿ ಹುದ್ದೆ ಕಳಕೊಂಡ ಪ್ಯೂರಿಟನ್ ಪಾದ್ರಿ. ಅಂಥ ತಂದೆಯ ಮನೆಯಲ್ಲಿದ್ದುಕೊಂಡೇ, ಸುಮಾರು 13ರ ವಯಸ್ಸಿನಲ್ಲಿ, ಎರಡೂ ಕಡೆಯ ವಾದಗಳನ್ನು ತೂಗಿ ನೋಡಿ, ತಂದೆ ಬಿಟ್ಟು ಬಂದ ಚರ್ಚಿಗೇ ಮರಳಲು ಆಕೆ ತೀರ್ಮಾನಿಸಿದರು. ತಂದೆ ಮಗಳ ಮೇಲಿನ ಪ್ರೀತಿಯನ್ನು ಕಡಿಮೆ ಮಾಡಲಿಲ್ಲ. 1688ರಲ್ಲಿ ಸ್ಯಾಮ್ಯುಯೆಲ್ ವೆಸ್ಲಿ ಎಂಬ ಯುವ ಪಾದ್ರಿಯೊಂದಿಗೆ ಮದುವೆಯಾಯಿತು. ಆ ಬಳಿಕ ಲಿಂಕನ್‌ಶೈರ್‌ನ ಜೌಗು ಪ್ರದೇಶದ ಎಪ್‌ವರ್ತ್ ಎಂಬ ಊರಿನಲ್ಲಿ ಸುಮಾರು ನಾಲ್ಕು ದಶಕಗಳ ಸಂಸಾರ. 19 ಹೆರಿಗೆ. ದೊಡ್ಡವರಾಗುವವರೆಗೆ ಉಳಿದದ್ದು ಮೂವರು ಗಂಡುಮಕ್ಕಳು, ಏಳು ಹೆಣ್ಣುಮಕ್ಕಳು.

ಸಂಸಾರದಲ್ಲಿ ಸಾಲ ಎಂದೂ ತೀರಲಿಲ್ಲ. 1705ರಲ್ಲಿ ಸಾಲಗಾರರು ಪತಿಯನ್ನು ಲಿಂಕನ್ ಕೋಟೆಯ ಜೈಲಿಗೆ ಹಾಕಿಸಿದರು. ಸುಸನ್ನಾ ತನ್ನ ಉಂಗುರಗಳನ್ನು ಅಲ್ಲಿಗೆ ಕಳಿಸಿದರು, ಪತಿ ಅವನ್ನು ಮರಳಿಸಿದರು. ಮನೆಯಲ್ಲಿ ಎಂದಾದರೂ ರೊಟ್ಟಿಗೆ ಗತಿಯಿಲ್ಲದೆ ಇದ್ದುದುಂಟೇ ಎಂದು ಯಾರ್ಕ್‌ನ ಆರ್ಚ್‌ಬಿಷಪ್ ಕೇಳಿದಾಗ, ರೊಟ್ಟಿ ಇತ್ತು, ಆದರೆ ತಿನ್ನುವ ಮೊದಲು ಅದನ್ನು ಹೊಂದಿಸುವ ಚಿಂತೆ, ತಿಂದ ಮೇಲೆ ಅದರ ದುಡ್ಡು ತೀರಿಸುವ ಚಿಂತೆ ಸೇರಿ ಬಾಯಿ ಕಹಿಯಾಗುತ್ತಿತ್ತು ಎಂಬ ಅರ್ಥದ ಉತ್ತರ ಕೊಟ್ಟರು. ಇದರಲ್ಲಿ ಗೋಳಾಟವೂ ಇಲ್ಲ, ಬಡತನವನ್ನು ಪುಣ್ಯವೆಂದು ವೈಭವೀಕರಿಸುವ ಚಟವೂ ಇಲ್ಲ. ಇದ್ದುದನ್ನು ಇದ್ದ ಹಾಗೆ ಹೇಳುವ ಈ ಗುಣವೇ ಅವರ ಬರಹಗಳ ಮುಖ್ಯ ಶಕ್ತಿ.

ಈ ಶಕ್ತಿ ಎರಡು ಸಂದರ್ಭಗಳಲ್ಲಿ ಪತಿಗೇ ಎದುರಾಯಿತು. ಮೊದಲನೆಯದು 1702ರ ಆಸುಪಾಸಿನದು. ಮನೆಯ ಪ್ರಾರ್ಥನೆಯಲ್ಲಿ ಪತಿ ರಾಜ ವಿಲಿಯಂನಿಗಾಗಿ ಬೇಡಿಕೊಂಡಾಗ ಸುಸನ್ನಾ ‘ಆಮೆನ್’ ಹೇಳಲಿಲ್ಲ. ಅವರ ದೃಷ್ಟಿಯಲ್ಲಿ, 1688ರಲ್ಲಿ ಪದಚ್ಯುತನಾದ ಜೇಮ್ಸನೇ ನಿಜವಾದ ರಾಜ. ಗಂಡನಿಗೆ ಸಿಟ್ಟು ಬಂತು. ರಾಜರು ಇಬ್ಬರಾದರೆ ಹಾಸಿಗೆಯೂ ಎರಡಾಗಲಿ ಎಂದು ಆಣೆಯಿಟ್ಟು ಲಂಡನ್ನಿಗೆ ಹೊರಟುಹೋದರು. ಸುಸನ್ನಾ ತಪ್ಪೊಪ್ಪಿಗೆಯ ಪತ್ರ ಬರೆಯಲಿಲ್ಲ. ಬದಲಿಗೆ, ಮನಸ್ಸಾಕ್ಷಿಯ ವಿಷಯದಲ್ಲಿ ಹೆಂಡತಿ ಗಂಡನಿಗೆ ಎಷ್ಟರ ಮಟ್ಟಿಗೆ ವಿಧೇಯಳಾಗಿರಬೇಕು ಎಂದು ಬಲ್ಲವರಲ್ಲಿ ಸಲಹೆ ಕೇಳಿ ಬರೆದರು. ಆ ಪತ್ರಗಳು ಬೆಳಕಿಗೆ ಬಂದದ್ದು 20ನೇ ಶತಮಾನದಲ್ಲಿ. ತಿಂಗಳುಗಳ ಬಳಿಕ, ಮನೆಗೆ ಬೆಂಕಿ ತಗಲಿದ ಸುದ್ದಿ ಕೇಳಿ ಪತಿ ಮರಳಿದರು. 1703ರ ಜೂನ್‌ನಲ್ಲಿ ಜಾನ್ ಹುಟ್ಟಿದ.

ಈ ಪ್ರಸಂಗ ಓದುವಾಗ ನಮಗೆ ಹಝ್ರತ್ ಖೌಲಾ(ರ) ನೆನಪಾಗದೆ ಇರುವುದಿಲ್ಲ. ಗಂಡ ಸಿಟ್ಟಿನಲ್ಲಿ ಆಡಿದ ‘ಝಿಹಾರ್’ ಮಾತಿನಿಂದ ಅತ್ತ ಪತ್ನಿಯೂ ಅಲ್ಲದ, ಇತ್ತ ಮುಕ್ತಳೂ ಅಲ್ಲದ ಸ್ಥಿತಿಗೆ ಬಂದ ಆ ಮಹಿಳೆ, ತನ್ನ ಅಳಲನ್ನು ಪ್ರವಾದಿಯವರ(ಸ) ಮುಂದೆ ವಾದಿಸಿದರು. ಅಲ್ಲಾಹನು ಆ ವಾದವನ್ನು ಆಲಿಸಿದ ಎಂಬುದರಿಂದಲೇ ಕುರ್‌ಆನ್‌ನ 58ನೇ ಅಧ್ಯಾಯ ಆರಂಭವಾಗುತ್ತದೆ. ಆ ಅಧ್ಯಾಯಕ್ಕೆ ವಾದಕ್ಕೆ ಸಂಬಂಧಿಸಿದ ಹೆಸರೇ ಇದೆ. ದೈವಭಕ್ತೆಯಾಗಿರುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬ ಅರ್ಥ ಧರ್ಮಗ್ರಂಥದಿಂದ ಬಂದದ್ದಲ್ಲ, ನಾವು ಅಂಟಿಸಿದ್ದು.

ಎರಡನೆಯ ಪ್ರಸಂಗ ಹೆಚ್ಚು ಪ್ರಸಿದ್ಧ. 1711-12ರ ಚಳಿಗಾಲದಲ್ಲಿ ಪತಿ ಚರ್ಚಿನ ಮಹಾಸಭೆಗಾಗಿ ಲಂಡನ್‌ನಲ್ಲಿದ್ದರು. ಊರಲ್ಲಿ ಸಹಾಯಕ ಪಾದ್ರಿ ಇನ್‌ಮನ್ ಎಂಬವರ ಉಸ್ತುವಾರಿ. ಭಾನುವಾರ ಸಂಜೆ ಸುಸನ್ನಾ ಮಕ್ಕಳನ್ನೂ ಆಳುಗಳನ್ನೂ ಕೂಡಿಸಿಕೊಂಡು ಪ್ರಾರ್ಥನೆ ಮಾಡಿ ಪ್ರವಚನ ಓದಿ ಹೇಳುತ್ತಿದ್ದರು. ಆ ದಿನಗಳಲ್ಲಿ ಮಗಳು ಎಮಿಲಿಯಾ ತಂದೆಯ ಕೋಣೆಯಲ್ಲಿ ಒಂದು ಪುಸ್ತಕ ಹುಡುಕಿ ತಂದಳು. ಅದು ನಮ್ಮ ತಮಿಳುನಾಡಿನ ಕಡಲತೀರದ ತರಂಗಂಬಾಡಿಗೆ 1706ರಲ್ಲಿ ಬಂದಿಳಿದ ಡ್ಯಾನಿಶ್ ಮಿಷನರಿಗಳ ವೃತ್ತಾಂತ. ಅದನ್ನು ಓದಿದ ಸುಸನ್ನಾ ಅವರಿಗೆ, ತಾನು ಗಂಡಸೂ ಅಲ್ಲ, ಪಾದ್ರಿಯೂ ಅಲ್ಲ, ಆದರೂ ಈಗ ಮಾಡುತ್ತಿರುವುದಕ್ಕಿಂತ ಹೆಚ್ಚಿನದನ್ನು ಮಾಡಬಹುದಲ್ಲ ಎನ್ನಿಸಿತು. ನೆರೆಹೊರೆಯವರೂ ಬರತೊಡಗಿದರು. ಕೊನೆಗೆ ಸುಮಾರು 200 ಮಂದಿ ಸೇರುತ್ತಿದ್ದರು, ಜಾಗ ಸಾಲದೆ ಎಷ್ಟೋ ಜನ ಮರಳಿ ಹೋಗುತ್ತಿದ್ದರು.

ಇನ್‌ಮನ್ ದೂರು ಬರೆದರು. ಹೆಂಗಸು ಹೀಗೆ ಮಾಡುವುದು ಸರಿಯಲ್ಲ ಎಂದು ಪತಿಯೂ ಬರೆದರು. 1712ರ ಫೆಬ್ರವರಿಯಲ್ಲಿ ಸುಸನ್ನಾ ಕೊಟ್ಟ ಉತ್ತರಗಳು ಅವರ ಬರಹಗಳಲ್ಲೇ ಶ್ರೇಷ್ಠವಾದವು. ನೀವು ಊರಲ್ಲಿಲ್ಲದಾಗ ಈ ಮನೆಯ ಜನರ ಆತ್ಮಗಳ ಹೊಣೆ ದೇವರು ನನಗೆ ಒಪ್ಪಿಸಿದ್ದು ಎಂಬುದು ಮೊದಲ ಪತ್ರದ ತಿರುಳು. ಸಭೆ ನಿಲ್ಲಿಸು ಎಂದು ನೀವು ‘ಬಯಸುತ್ತೇನೆ’ ಎಂದರೆ ಸಾಲದು, ಸ್ಪಷ್ಟವಾಗಿ ಆಜ್ಞೆ ಮಾಡಿ, ಆಗ ನಾಳೆ ದೇವರ ನ್ಯಾಯಾಸನದ ಮುಂದೆ ಹೊಣೆಗಾರಿಕೆ ನಿಮ್ಮದಾಗುತ್ತದೆ, ನನ್ನದಲ್ಲ ಎಂಬುದು ಎರಡನೆಯದರ ತಿರುಳು. ಇಲ್ಲಿ ಬಂಡಾಯದ ಭಾಷೆಯಿಲ್ಲ. ವಿಧೇಯತೆಯ ಭಾಷೆಯಲ್ಲೇ, ವಿಧೇಯತೆ ಕೇಳುವವನ ಹೆಗಲಿಗೆ ಅದರ ಭಾರವನ್ನು ಸುಸನ್ನಾ ದಾಟಿಸುತ್ತಾರೆ. ಪತಿ ಆಜ್ಞೆ ಮಾಡಲಿಲ್ಲ. ಉಮ್ಮು ವರಖಾ(ರ) ಅವರಿಗೆ ಮನೆಯವರ ನಮಾಝಿಗೆ ನೇತೃತ್ವ ಕೊಡಲು ಪ್ರವಾದಿಯವರು(ಸ) ಹೇಳಿದ್ದ ವರದಿ ಅಬೂದಾವೂದ್ ಸಂಗ್ರಹದಲ್ಲಿದೆ. ನಮ್ಮಲ್ಲಿ ಎಷ್ಟು ಮಂದಿ ಆ ಹೆಸರನ್ನು ಕೇಳಿದ್ದೇವೆ?

ಇಷ್ಟರವರೆಗೆ ಹೊಗಳಿದ್ದಾಯಿತು. ಇನ್ನು ಹೊಗಳುವವರು ಬೇಗ ಬೇಗ ದಾಟಿಹೋಗುವ ಪುಟಗಳಿಗೆ ಬರೋಣ.

ಮಕ್ಕಳನ್ನು ಬೆಳೆಸಿದ ಕ್ರಮದ ಬಗ್ಗೆ ಸುಸನ್ನಾ 1732ರ ಜುಲೈಯಲ್ಲಿ ಜಾನ್‌ಗೆ ಬರೆದ ಪತ್ರ ಜಗತ್ಪ್ರಸಿದ್ಧ. ಐದು ತುಂಬಿದ ಮಗುವಿಗೆ ಒಂದೇ ದಿನದಲ್ಲಿ ಅಕ್ಷರಮಾಲೆ. ದಿನಕ್ಕೆ ಆರು ಗಂಟೆ ಪಾಠ. ತಪ್ಪೊಪ್ಪಿಕೊಂಡವರಿಗೆ ಪೆಟ್ಟಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ. ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣುಮಗುವಿಗೂ ಹೊಲಿಗೆ ಕೆಲಸ ಹಚ್ಚಬಾರದು ಎಂಬ ಕೊನೆಯ ನಿಯಮವಂತೂ ಆ ಕಾಲಕ್ಕೆ ಅಪರೂಪದ್ದು. 1709ರ ಫೆಬ್ರವರಿಯ ದೊಡ್ಡ ಬೆಂಕಿಯಲ್ಲಿ ಮನೆ ಸುಟ್ಟು ಮಕ್ಕಳು ಚದುರಿಹೋಗಿ ಮತ್ತೆ ಕೂಡಿದ ಮೇಲೆ, ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿನ ಜೊತೆ ಮಾತಿಗೆ ಮೀಸಲಿಟ್ಟರು. ಮಂಗಳವಾರ ಹೆಟ್ಟಿಯದು, ಗುರುವಾರ ಜಾನ್‌ನದು. ಆಕ್ಸ್‌ಫರ್ಡ್‌ನಲ್ಲಿ ಅಧ್ಯಾಪಕನಾದ ಮೇಲೂ ಜಾನ್ ಆ ಗುರುವಾರದ ಹೊತ್ತನ್ನು ತನಗಾಗಿ ತಾಯಿಯಲ್ಲಿ ಬೇಡಿದ್ದ.

ಆದರೆ ಅದೇ ಪತ್ರದಲ್ಲಿ ಬೇರೆ ಮಾತೂ ಇದೆ. ಮಗುವಿನ ಇಚ್ಛೆಯನ್ನು ಮೊಟ್ಟಮೊದಲು ಗೆಲ್ಲಬೇಕು. ವರ್ಷ ತುಂಬುವ ಹೊತ್ತಿಗೆ, ಅದಕ್ಕೂ ಮೊದಲೇ, ಮಗು ಬೆತ್ತಕ್ಕೆ ಹೆದರಲು ಮತ್ತು ದನಿಯೆತ್ತದೆ ಅಳಲು ಕಲಿತಿರಬೇಕು. ತನಗಾಗಿ ಸ್ವಂತ ಮನಸ್ಸಾಕ್ಷಿಯನ್ನು ಕೇಳಿದ ತಾಯಿ, ಮಕ್ಕಳ ಸ್ವಂತ ಇಚ್ಛೆಯನ್ನು ಪಾಪದ ಬೇರೆಂದು ಕಂಡರು. ಇದು ಅಂದಿನ ಕಾಲದ ರೂಢಿ ಎಂದು ಹೇಳಿ ಪಾರಾಗಬಹುದು. ಆದರೆ ಆ ಪತ್ರವನ್ನು ಇಂದಿಗೂ ಮಾದರಿ ಪೋಷಣೆಯ ಪಾಠವಾಗಿ ಹಂಚುವವರಿರುವಾಗ ಹಾಗೆ ಪಾರಾಗುವಂತಿಲ್ಲ.

ಹೆಟ್ಟಿಯನ್ನೇ ನೋಡಿ. ಎಂಟರ ವಯಸ್ಸಿಗೆ ಗ್ರೀಕ್ ಓದಬಲ್ಲವಳಾಗಿದ್ದಳಂತೆ. ಮನೆಯಲ್ಲಿ ಕವಿತೆ ಬರೆಯುವ ಪ್ರತಿಭೆ ಅವಳಲ್ಲಿ ಯಾವ ಅಣ್ಣತಮ್ಮಂದಿರಿಗೂ ಕಡಿಮೆಯಿರಲಿಲ್ಲ. 1725ರಲ್ಲಿ ಅವಳು ಪ್ರೀತಿಸಿದವನ ಜೊತೆ ಮನೆ ಬಿಟ್ಟಳು. ಅವನು ಕೈಬಿಟ್ಟ. ಗರ್ಭಿಣಿಯಾಗಿ ಮರಳಿದವಳನ್ನು ತಂದೆ ಅದೇ ವರ್ಷ ವಿಲಿಯಂ ರೈಟ್ ಎಂಬ, ಸೀಸದ ಕೆಲಸ ಮಾಡುವ ಪ್ಲಂಬರ್ ಒಬ್ಬನಿಗೆ ಕಟ್ಟಿದರು. ಮನಸ್ಸು ಮನಸ್ಸಿಗೆ ಯಾವ ಸಂಬಂಧವೂ ಇಲ್ಲದ ಮದುವೆ. ತಾಯಿ ಅದನ್ನು ತಡೆಯಲಿಲ್ಲ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡವು. ಗಂಡನ ಕೆಲಸದ ಸೀಸದ ವಿಷವೇ ಅದಕ್ಕೆ ಕಾರಣವೆಂದು ಹೆಟ್ಟಿ ನಂಬಿದ್ದಳು. 1726ರಲ್ಲಿ ಜಾನ್ ತಂದೆಯ ಎದುರೇ ತಪ್ಪು ಮಾಡಿದವರ ಮೇಲೂ ಕರುಣೆ ಇರಬೇಕೆಂದು ಪ್ರವಚನ ಮಾಡಿದ. ತಂದೆ ಅದನ್ನು ಅವಮಾನವೆಂದು ತಿಳಿದರು, ಮಗಳನ್ನು ಕ್ಷಮಿಸಲಿಲ್ಲ. ಹೆಟ್ಟಿ 1750ರಲ್ಲಿ ಸತ್ತಳು. ಸತ್ತ ಹಸುಗೂಸಿನ ಬಗ್ಗೆ, ಒಲ್ಲದ ಮದುವೆಯ ಬಗ್ಗೆ ಅವಳು ಬರೆದ ಪದ್ಯಗಳು ಉಳಿದಿವೆ. ಇನ್ನೊಬ್ಬ ಮಗಳು ಮಾರ್ಥಾಳ ಗಂಡ, ತಾನೇ ಪಾದ್ರಿಯಾಗಿದ್ದವನು, ಪರಸ್ತ್ರೀಯರ ಹಿಂದೆ ಹೋಗಿ ಅವಳನ್ನು ಬಾಳಿನುದ್ದಕ್ಕೂ ನೋಯಿಸಿದ.

ಗೋರಿಕಲ್ಲು ಹತ್ತು ಮಕ್ಕಳಲ್ಲಿ ಇಬ್ಬರನ್ನು ಮಾತ್ರ ಹೆಸರಿಸುತ್ತದೆ. ಗಂಡುಮಕ್ಕಳಿಗೆ ಆಕ್ಸ್‌ಫರ್ಡ್ ಇತ್ತು, ಚರ್ಚಿನ ವೇದಿಕೆಯಿತ್ತು. ಹೆಣ್ಣುಮಕ್ಕಳಿಗೆ ಓದಲು ಕಲಿಸಿದ ಮನೆ, ಓದಿದ ಮೇಲೆ ನಿಲ್ಲಲು ಒಂದು ಜಾಗವನ್ನು ಕೊಡಲಿಲ್ಲ. ಈ ಮಾತನ್ನು ಬರೆಯುವಾಗ ನಮ್ಮ ಮನೆಗಳು ಕಣ್ಣ ಮುಂದೆ ಬರುತ್ತವೆ. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಲು ನಾವೂ ಈಗ ಮುಂದಾಗಿದ್ದೇವೆ, ಮದ್ರಸದಲ್ಲೂ ರ‍್ಯಾಂಕ್ ಅವರದ್ದೇ. ಆದರೆ ಅದೇ ಹುಡುಗಿ ಮದುವೆಯ ವಿಷಯದಲ್ಲಿ ‘ನನಗೆ ಒಪ್ಪಿಗೆಯಿಲ್ಲ’ ಎಂದರೆ? ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕೆಂಬುದು ನಮಗೆ ಧರ್ಮ ಕಲಿಸಿದ ಪಾಠವೇ. ಎಷ್ಟು ಮನೆಗಳಲ್ಲಿ ಆ ಒಪ್ಪಿಗೆ ಕೇಳುವ ಶಾಸ್ತ್ರವಾಗಿ ಮಾತ್ರ ಉಳಿದಿದೆ ಎಂಬುದನ್ನು ಓದುಗರು ತಮ್ಮ ತಮ್ಮ ಮನೆಯಲ್ಲೇ ನೋಡಿಕೊಳ್ಳಲಿ.

1735ರಲ್ಲಿ ಪತಿ ತೀರಿಕೊಂಡ ಮೇಲೆ ಸುಸನ್ನಾ ಮಕ್ಕಳ ಆಸರೆಯಲ್ಲಿ ಬದುಕಿದರು. ಕೊನೆಯ ವರ್ಷಗಳು ಲಂಡನ್‌ನಲ್ಲಿ, ಜಾನ್ ತನ್ನ ಕೇಂದ್ರವಾಗಿಸಿಕೊಂಡಿದ್ದ ಹಳೆಯ ಫಿರಂಗಿ ಕಾರ್ಖಾನೆಯ ಕಟ್ಟಡದಲ್ಲಿ. ಪಾದ್ರಿಯಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಯುವಕ ಅಲ್ಲಿ ಪ್ರವಚನ ಮಾಡತೊಡಗಿದಾಗ ಜಾನ್ ಸಿಟ್ಟಿನಿಂದ ತಡೆಯಲು ಹೊರಟಿದ್ದ. ಮೊದಲು ಅವನ ಮಾತು ಕೇಳು, ಅದರ ಫಲ ನೋಡು, ಆಮೇಲೆ ತೀರ್ಮಾನಿಸು ಎಂದು ತಡೆದವರು ತಾಯಿ. ಸಾಮಾನ್ಯ ಜನರೇ ಪ್ರವಚನಕಾರರಾಗುವ ಮೆಥಡಿಸ್ಟ್ ಪದ್ಧತಿ ಬೆಳೆದದ್ದು ಆ ದಾರಿಯಲ್ಲಿ. ಎಪ್‌ವರ್ತ್‌ನ ಅಡುಗೆಮನೆಯಲ್ಲಿ ಹುದ್ದೆಯಿಲ್ಲದೆ ಪ್ರವಚನ ಓದಿದವರಿಗೆ ಅಲ್ಲದೆ ಇದು ಇನ್ನಾರಿಗೆ ಹೊಳೆಯಬೇಕು? 1741ರಲ್ಲಿ ಮಗನ ಪರವಾಗಿ ಅವರು ಬರೆದ ಧರ್ಮಚರ್ಚೆಯ ಕಿರುಪುಸ್ತಕ ಅಚ್ಚಾಯಿತು. ಅದರ ಮೇಲೆ ಅವರ ಹೆಸರಿರಲಿಲ್ಲ. 1742ರ ಜುಲೈಯಲ್ಲಿ ಅವರು ತೀರಿಕೊಂಡರು.

ಸುಸನ್ನಾ ವೆಸ್ಲಿಯವರನ್ನು ಸಂತೆಯೆಂದು ಪೂಜಿಸುವ ಪುಸ್ತಕಗಳಿಂದ ಅವರಿಗೂ ನ್ಯಾಯ ಸಿಗಲಿಲ್ಲ, ಹೆಟ್ಟಿಗೂ ಸಿಗಲಿಲ್ಲ. ತಾಯಿಯನ್ನು ಗೌರವಿಸುವುದೆಂದರೆ ಆಕೆಯ ಮಾತನ್ನು ಪೂರ್ತಿ ಕೇಳುವುದು, ಆಕೆ ಎಡವಿದಲ್ಲಿ ಎಡವಿದರೆನ್ನುವುದು. ನಮ್ಮ ಊರಿನ ಉಸ್ತಾದರ, ಖತೀಬರ, ಪಾದ್ರಿಗಳ, ಅರ್ಚಕರ ಮನೆಗಳ ಒಳಗೂ ಇಂಥ ತಾಯಂದಿರು ಬಾಳಿ ಹೋಗಿದ್ದಾರೆ, ಈಗಲೂ ಇದ್ದಾರೆ. ಅವರು ಸತ್ತ ಮೇಲೆ ಅವರ ಗಂಡುಮಕ್ಕಳ ಸಾಧನೆಯ ಪಟ್ಟಿಯನ್ನು ಓದುವ ಬದಲು, ಬದುಕಿರುವಾಗಲೇ ಅವರೆದುರು ಕೂತು ಏನು ಹೇಳಲಿಕ್ಕಿದೆಯೆಂದು ಕೇಳೋಣ. ಅವರ ಹೆಣ್ಣುಮಕ್ಕಳನ್ನೂ ಕೇಳೋಣ.