ಮಡಿದ ಯೋಧನ ಸ್ಮರಣೆ: ವೀರಗಲ್ಲು ಮತ್ತು ಸ್ಮರಣಪುಸ್ತಿಕೆ

ಶಿರಸಿ ತಾಲೂಕಿನ ಮತ್ತಿಘಟ್ಟದಂತಹ ಸಣ್ಣ ಊರಿನಿಂದ ಸೈನ್ಯಕ್ಕೆ ಹೋದ ತರುಣನೊಬ್ಬನು ಮಡಿದರೆ, ಊರು ಅವನನ್ನು ಯಾವ ರೂಪದಲ್ಲಿ ಉಳಿಸಿಕೊಳ್ಳಬೇಕು? ಬನವಾಸಿಯನ್ನೊಳಗೊಂಡ ಈ ಸೀಮೆಗೆ ಪರಿಚಿತವಾದ ಹಳೆಯ ಉತ್ತರ ವೀರಗಲ್ಲು. ಅದನ್ನು ಶಿಲ್ಪವಾಗಿಯೂ ಶಾಸನವಾಗಿಯೂ ಪರಿಶೀಲಿಸುವುದು ರೂಢಿ. ಸ್ಮರಣೆಯ ಸಾಧನವಾಗಿ ಅದರ ಗುಣದೋಷಗಳನ್ನು ವಿವೇಚಿಸುವುದು ನಮ್ಮ ಉದ್ದೇಶ.

ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ, ಸಾಮಾನ್ಯ ಕ್ರಮವಿದು. ಶಾಸನವಿದ್ದಲ್ಲಿ ವೀರನ ಹೆಸರು, ಅವನ ಒಡೆಯನ ಹೆಸರು, ತುರುಗೋಳೋ ಊರಳಿವೋ ಎಂಬ ಕಾರಣ ದೊರೆಯುತ್ತವೆ. ಕಲ್ಲು ಬಲ್ಲುದು ಅವನ ಕಡೆಯ ದಿನವನ್ನು ಮಾತ್ರ. ಅವನ ಸ್ವಭಾವವೇನು, ಕಸುಬೇನು ಎಂಬುದು ಅದರಿಂದ ತಿಳಿಯದು. ಆದರೆ ಒಂದು ಹಿರಿಮೆಯನ್ನು ಮರೆಯಲಾಗದು: ನೆತ್ತರುಗೊಡಗೆಯೆಂದು ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವ ಪದ್ಧತಿಯಿತ್ತು. ಅಲ್ಲಿ ಸ್ಮರಣೆಯೊಡನೆ ಹೊಣೆಯೂ ಸೇರಿತ್ತು.

ಇಸ್ರೇಲಿನ ಕಿಬ್ಬುಟ್ಸ್ ಎಂಬ ಸಾಮುದಾಯಿಕ ಕೃಷಿಗ್ರಾಮಗಳಲ್ಲಿ ಬೇರೊಂದು ಕ್ರಮ ಬೆಳೆಯಿತು. ಸೈನ್ಯಸೇವೆಯಲ್ಲಿ ಮಡಿದ ತರುಣ ಸದಸ್ಯನ ಪತ್ರಗಳನ್ನೂ ಒಡನಾಡಿಗಳ ನೆನಪುಗಳನ್ನೂ ಕೂಡಿಸಿ ಪುಸ್ತಿಕೆಯಾಗಿ ಅಚ್ಚುಮಾಡುವುದು ಅಲ್ಲಿಯ ವಾಡಿಕೆ. 1948ರ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಕವಿ ರೂವೆನ್ ಅವಿನೋಅಮ್ ಸಂಪಾದಿಸಿ 1952ರಲ್ಲಿ ಪ್ರಕಟವಾದ ‘ಗೆವಿಲೇ ಏಶ್’ ಮಡಿದವರ ಬರಹಗಳ ದೊಡ್ಡ ಸಂಕಲನ. ಕಲ್ಲು ಬಿಟ್ಟ ಬದುಕನ್ನು ಪುಸ್ತಿಕೆ ಹಿಡಿಯುತ್ತದೆ. ಆದರೆ ಅದೂ ನಿರ್ದೋಷವಲ್ಲ. ಬರೆಯಬಲ್ಲವನು ಅಲ್ಲಿ ಉಳಿಯುತ್ತಾನೆ, ಬರೆಯದವನು ಮಸುಕಾಗುತ್ತಾನೆ. ದುಃಖಿತರ ಆಯ್ಕೆಯಲ್ಲಿ ಎಲ್ಲರೂ ಒಂದೇ ತೆರನಾದ ಸಜ್ಜನರಾಗಿಬಿಡುವ ಅಪಾಯವೂ ಉಂಟು.

ಈ ಎರಡು ಅಳತೆಗಳಿಂದ ನಮ್ಮ ಕಾಲದ ಒಂದು ನಿದರ್ಶನವನ್ನು ನೋಡೋಣ. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಹಿಮಪಾತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ತರುವಾಯ ಜೀವಂತವಾಗಿ ದೊರೆತು, ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಇಲ್ಲಿ ಕಾಳಗವಿಲ್ಲ, ಎದುರಾಳಿಯಿಲ್ಲ; ಕೆಳಪಟ್ಟಿಕೆಯಲ್ಲಿ ಶಿಲ್ಪಿ ಏನನ್ನು ಕೆತ್ತಿಯಾನು? ಆದರೂ ಲೋಕದ ಸ್ಮರಣೆ ವೀರಗಲ್ಲಿನ ದಾರಿಯನ್ನೇ ಹಿಡಿಯಿತು. ಹಿಮದಡಿಯ ಆ ಆರು ದಿನಗಳು ಪ್ರಸಿದ್ಧವಾದವು. ಅದಕ್ಕೆ ಹಿಂದಿನ ಸುಮಾರು ಹದಿಮೂರು ವರ್ಷಗಳ ಸೇವೆ ಹಿನ್ನೆಲೆಗೆ ಸರಿಯಿತು. ಅದೇ ಹಿಮದಲ್ಲಿ ಮಡಿದ ಉಳಿದ ಒಂಬತ್ತು ಮಂದಿ ಬಹುಜನರ ಪಾಲಿಗೆ ಕೇವಲ ಸಂಖ್ಯೆಯಾದರು. ಅವರಲ್ಲಿ ಕನ್ನಡ ನಾಡಿನವರೂ ಇದ್ದರೆಂಬುದನ್ನು ಎಷ್ಟು ಜನ ನೆನೆಯುತ್ತಾರೆ?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಪ್ರತಿಮೆಯೂ ರಸ್ತೆಯ ಹೆಸರೂ ಬೇಡವೆಂದಲ್ಲ, ಅವು ಸಾಲವು. ಕಲ್ಲಿನಿಂದ ಹೊಣೆಯನ್ನೂ ಪುಸ್ತಿಕೆಯಿಂದ ಬದುಕಿನ ವಿವರವನ್ನೂ ನಾವು ಪಡೆಯಬೇಕು. ಬರೆಯದವನ ಪರವಾಗಿ ಬಲ್ಲವರ ಮಾತನ್ನು ಕೇಳಿ ಬರೆದಿಡಬೇಕು. ಗ್ರಾಮಚರಿತ್ರೆಯನ್ನು ಸಂಗ್ರಹಿಸುವ ನಮ್ಮ ವಿದ್ಯಾರ್ಥಿಗಳು ಗುಡಿಯ ಮುಂದಿನ ಕಲ್ಲುಗಳನ್ನು ಓದಿದ ಮೇಲೆ, ಊರಿನ ಯೋಧರ ಮನೆಗಳಿಗೂ ಹೋಗಿ, ಅವರನ್ನು ಕಂಡುಬಲ್ಲವರು ಇರುವಾಗಲೇ ಈ ಕೆಲಸಕ್ಕೆ ತೊಡಗುವುದು ಉಚಿತ.