ನವಿಲುಗರಿಯ ಬೆಂಡು

ಭದ್ರಾವತಿಯಲ್ಲಿ ಭದ್ರೆಯ ದಂಡೆಗೆ, ಶಿವಮೊಗ್ಗದಲ್ಲಿ ತುಂಗೆಯ ದಂಡೆಗೆ ಬಿಡುವಾದಾಗಲೆಲ್ಲ ಗಾಳ ಹಿಡಿದು ಹೋಗುವ ಹಳೆಯ ಹವ್ಯಾಸಿಗಳ ಚೀಲದಲ್ಲಿ ನನಗೆ ಅಚ್ಚುಮೆಚ್ಚಿನದು ನವಿಲುಗರಿಯ ದಂಟಿನ ಬೆಂಡು. ಉದುರಿದ ಗರಿಯ ಎಳೆಗಳನ್ನು ಬ್ಲೇಡಿನಿಂದ ಹೆರೆದರೆ ಬಿಳಿ ತಿರುಳಿನ ಹಗುರ ಕಡ್ಡಿ ಉಳಿಯುತ್ತದೆ. ತುದಿಗೆ ಕೆಂಪು ಬಣ್ಣ. ಕೈಚಳಕವೆಲ್ಲ ಸೀಸ ಕಟ್ಟುವುದರಲ್ಲಿದೆ. ಚೂರು ಹೆಚ್ಚಾದರೆ ಬೆಂಡು ಮುಳುಗುತ್ತದೆ, ಕಡಿಮೆಯಾದರೆ ಅಡ್ಡ ಮಲಗುತ್ತದೆ. ಕೆಂಪು ತುದಿಯಷ್ಟೇ ನೀರ ಮೇಲೆ ನಿಲ್ಲಬೇಕು. ಪುಡಿಮೀನು ಎರೆಹುಳ ಕುಕ್ಕಿದರೆ ಅದು ಪುಟಪುಟ ಕುಣಿಯುತ್ತದೆ. ರೋಹು ತಳದ ಹಿಟ್ಟಿನುಂಡೆ ಬಾಯಿಗಿಟ್ಟು ತಲೆಯೆತ್ತಿದರೆ, ಸೀಸದ ಭಾರ ತಪ್ಪಿ ಬೆಂಡು ಮೇಲೇಳುತ್ತದೆ. ಹೊಸಬರು ಅದು ಮುಳುಗಲೆಂದು ಕಾಯುತ್ತಾರೆ. ಪಳಗಿದ ಕೈ ಅಷ್ಟರಲ್ಲಿ ಕೋಲು ಎತ್ತಿಯಾಗಿರುತ್ತದೆ. ಕಾಸಿಲ್ಲದ ಕಡ್ಡಿಯೊಂದರಿಂದ ನದಿಯ ತಳವನ್ನೇ ಓದುವ ಈ ಜಾಣ್ಮೆಗೆ ಶರಣು.