ಎಣಿಕೆಗೆ ಸಿಗದ ಮಕ್ಕಳು

ಶಾಲೆಯ ಪ್ರವಾಸದಲ್ಲಿ ನಮಗೆ ಮುಖ್ಯವಾಗಿ ಇರುವ ಕೆಲಸ ಒಂದೇ: ತಲೆ ಎಣಿಸುವುದು. ಬಸ್ಸು ಹತ್ತುವಾಗ, ಇಳಿಯುವಾಗ, ಊಟಕ್ಕೆ ಕೂತಾಗ. ಒಮ್ಮೆ ಹಂಪಿಯಲ್ಲಿ 42 ಇರಬೇಕಾದಲ್ಲಿ 41 ಬಂತು. ವಿಜಯವಿಠ್ಠಲ ಗುಡಿಯ ನೆರಳಲ್ಲಿ ನಿದ್ದೆ ಹೋಗಿದ್ದ ಹುಡುಗ ಸಿಗಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ನನ್ನ ಜೀವ ನನ್ನಲ್ಲಿರಲಿಲ್ಲ. ಸಿನಿಮಾದ ಮಾತಿಗೆ ಇದೇಕೆ ಎನ್ನಬೇಡಿ, ಅಲ್ಲಿಗೇ ಬರುತ್ತಿದ್ದೇನೆ.

ತಮ್ಮನ ಮಗನ ಹಟಕ್ಕೆ ಮನೆಯ ಟಿ.ವಿ.ಯಲ್ಲಿ 'ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್' ನೋಡಿದೆ. ಸ್ಟೀವನ್ ಸ್ಪಿಲ್‌ಬರ್ಗ್ 1981ರಲ್ಲಿ ತೆಗೆದ ಮೊದಲ ಚಿತ್ರದ ಬೆನ್ನಿಗೆ 1984ರಲ್ಲಿ ಬಂದದ್ದು; ಕಥೆ ಮಾತ್ರ ಅದಕ್ಕೂ ಒಂದು ವರ್ಷ ಹಿಂದೆ, 1935ರಲ್ಲಿ ನಡೆಯುತ್ತದೆ. ಶಾಂಘಾಯಿಯ ಮೊದಲ ದೃಶ್ಯ ಸೊಗಸು. ವಿಷ ಕುಡಿದ ನಾಯಕನಿಗೆ ಬೇಕಾದ ಮದ್ದಿನ ಬಾಟಲಿ ನೆಲದ ಮೇಲೆ ಜನರ ಕಾಲ ನಡುವೆ ಉರುಳಾಡುತ್ತದೆ, ವಜ್ರವೊಂದು ಐಸಿನ ಚೂರುಗಳಲ್ಲಿ ಬೆರೆತುಹೋಗುತ್ತದೆ. ನಗುವುದೋ ಹೆದರುವುದೋ ತಿಳಿಯುವುದಿಲ್ಲ. ಕೊನೆಗೆ ಬರುವ ಹಗ್ಗದ ಸೇತುವೆಯೂ ಹಾಗೆಯೇ.

ನಡುವಿನದೇ ತಕರಾರು. ಪಂಕೋಟ್ ಅರಮನೆಯ ಊಟದಲ್ಲಿ ಹಾವಿನ ಹೊಟ್ಟೆಯಿಂದ ಮರಿಹಾವು, ಕಣ್ಣುಗುಡ್ಡೆಯ ಸಾರು, ಮಂಗನ ಮೆದುಳು! "ಅತ್ತಿ, ಹಿಂಗ ಯಾರರೆ ಉಣ್ತಾರೇನು?" ಎಂದ ಹುಡುಗ. "ಬರದಾಂವಗೆ ಕೇಳಬೇಕಪ್ಪಾ" ಎಂದೆ. ಭಾರತ ಸರ್ಕಾರ ಚಿತ್ರಕಥೆ ನೋಡಿ ಬದಲಾವಣೆ ಕೇಳಿತು. ಅವರು ಒಪ್ಪದೆ ಶ್ರೀಲಂಕಾದ ಕ್ಯಾಂಡಿ ಬಳಿ ಚಿತ್ರೀಕರಿಸಿದರು. ಹೀಗಾಗಿ ಉತ್ತರ ಭಾರತದ ಹಳ್ಳಿಯವರು ಸಿಂಹಳ ಮಾತಾಡುತ್ತಾರೆ. ಮೊಲಾ ರಾಮ್ ಆಗಿ ತಲೆ ಬೋಳಿಸಿಕೊಂಡ ಅಮರೀಶ್ ಪುರಿಯವರಿಗೆ ಇಲ್ಲಿ ಕಣ್ಣರಳಿಸಿ ಕಿರುಚುವುದೇ ಕೆಲಸ. 1973ರಲ್ಲಿ ಕಾರ್ನಾಡರ 'ಕಾಡು' ಚಿತ್ರದ ಚಂದ್ರೇಗೌಡನನ್ನು ನೋಡಿದವರಿಗೆ ಹೊಟ್ಟೆ ಉರಿಯುತ್ತದೆ.

ಥಗ್ಗರ ಕಥೆಯೂ ಹಳೆಯ ಸರಕೇ. ಅವರನ್ನು ಇಂಗ್ಲಿಷ್ ಓದುಗರ ಮನೆಮನೆಗೆ ಮುಟ್ಟಿಸಿದ 1839ರ ಕಾದಂಬರಿ ಬರೆದವನು ಮೆಡೋಸ್ ಟೇಲರ್. ಆಮೇಲೆ ವರ್ಷಗಟ್ಟಲೆ ನಮ್ಮ ಸುರಪುರದಲ್ಲಿದ್ದವನು. ಅವನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ಬ್ರಿಟಿಷರು 1830ರ ದಶಕದಲ್ಲಿಯೇ ಹತ್ತಿಕ್ಕಿದ ಥಗ್ಗರನ್ನು ಈ ಚಿತ್ರ ನೂರು ವರ್ಷದ ಮೇಲೆ ಎಬ್ಬಿಸಿ ಕೂರಿಸಿ, ಕೊನೆಗೆ ಬ್ರಿಟಿಷ್ ಸಿಪಾಯಿಗಳನ್ನೇ ನೆರವಿಗೆ ಕರೆಸುತ್ತದೆ.

ಇವೆಲ್ಲವನ್ನೂ ಬಲ್ಲವರು ಹಿಂದೆಯೇ ಬೈದಿದ್ದಾರೆ. ನನ್ನ ಸಂಕಟ ಬೇರೆ. ಹಳ್ಳಿಯ ಮಕ್ಕಳೆಲ್ಲ ಕಳವಾಗಿದ್ದಾರೆ. ತಪ್ಪಿಸಿಕೊಂಡ ಒಬ್ಬ ಹುಡುಗ ಎಲುಬುಗೂಡಾಗಿ ಬಂದು ನಾಯಕನ ತೋಳಿಗೆ ಬೀಳುತ್ತಾನೆ. ಮುಂದೆ ಗಣಿಯಲ್ಲಿ ಸಂಕೋಲೆ ತೊಟ್ಟು ಕಲ್ಲು ಒಡೆಯುವ ಮಕ್ಕಳ ಸಾಲುಸಾಲು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಏಳನೆಯ ಇಯತ್ತೆಯ ನಡುವೆ ಕಲ್ಲುಗಣಿಗೆ ಹೋದ ಹುಡುಗನೊಬ್ಬನ ಹೆಸರಿನ ಮುಂದೆ ತಿಂಗಳುಗಟ್ಟಲೆ 'ಗೈ' ಬರೆದ ಕೈ ಇದು. ಮನೆಗೆ ಎರಡು ಸಲ ಹೋದೆ. ಮೂರನೆಯ ಸಲ ಬೀಗ ಹಾಕಿತ್ತು.

ಇರಲಿ. ಇಷ್ಟು ದೊಡ್ಡ ವಿಷಯವನ್ನು ಎತ್ತಿಕೊಂಡ ಚಿತ್ರ ಮಾಡುವುದೇನು? ಸಂಕೋಲೆ ಬಿಚ್ಚುತ್ತದೆ, ಮಕ್ಕಳು ಓಡುತ್ತಾರೆ, ಅಲ್ಲಿಗೆ ಅವರನ್ನು ಮರೆತು ಗಣಿಯ ಬಂಡಿ ಹತ್ತಿದ ಮೂವರ ಬೆನ್ನು ಹಿಡಿಯುತ್ತದೆ. ಬಂಡಿಯ ಓಟ ಅದ್ಭುತ, ಸುಳ್ಳು ಹೇಳಲಾರೆ, ನಾನೂ ಕುರ್ಚಿ ಹಿಡಿದುಕೊಂಡೆ. ಆದರೆ ಹೊರಗೆ ಬಂದ ಅಷ್ಟೊಂದು ಮಕ್ಕಳು ಆ ಕಾಡು ಗುಡ್ಡ ದಾಟಿ ಹೇಗೆ ಊರು ಸೇರಿದರು? ಸಣ್ಣವರನ್ನು ಎತ್ತಿಕೊಂಡವರಾರು? ತೋರಿಸುವುದಿಲ್ಲ.

ಅರಮನೆಯ ಬಾಲಮಹಾರಾಜನನ್ನು ಬಿಟ್ಟರೆ ಹೆಸರಿರುವ ಮಗು ಒಂದೇ, ನಾಯಕನ ಜೊತೆಗಾರ ಶಾರ್ಟ್ ರೌಂಡ್. ವಿಯೆಟ್ನಾಮಿನಿಂದ ನಿರಾಶ್ರಿತನಾಗಿ ಬಂದ ಕೀ ಹೂಯ್ ಕ್ವಾನ್ ಎಂಬ ಹುಡುಗ ಅದನ್ನು ಆಡಿದ್ದಾನೆ, ಚಿತ್ರದ ಜೀವವೇ ಅವನು. 2023ರಲ್ಲಿ ಅವನಿಗೆ ಆಸ್ಕರ್ ಬಂದ ರಾತ್ರಿ, ವೇದಿಕೆಯ ಮೇಲಿದ್ದ ಮುದುಕ ಹ್ಯಾರಿಸನ್ ಫೋರ್ಡ್ ಅವನನ್ನು ತಬ್ಬಿಕೊಂಡ. ಹೆಚ್ಚುಕಡಿಮೆ ನನ್ನ ಓರಗೆಯವನು.

ಕೊನೆಯಲ್ಲಿ ಮಕ್ಕಳು ಹೋ ಎಂದು ಊರೊಳಗೆ ನುಗ್ಗಿ ಬರುತ್ತಾರೆ, ತಾಯಂದಿರು ಅಪ್ಪಿಕೊಳ್ಳುತ್ತಾರೆ. ಕ್ಯಾಮೆರಾ ನಾಯಕ-ನಾಯಕಿಯ ಮುತ್ತಿಗೆ ಅವಸರ ಮಾಡುತ್ತದೆ. ತಮ್ಮನ ಮಗನಿಂದ ರಿಮೋಟು ಇಸಕೊಂಡು ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಎರಡು ಸಲ ನೋಡಿದೆ. ಎಣಿಸುತ್ತಿದ್ದೆ.